ಗಾಳಿಯಿಂದ ಗದ್ದೆಗೆ: ಅಮೋನಿಯಾದ ಕತೆ
(ಸಾಗರದಲ್ಲಿ ಅಡಿಕೆ ಮತ್ತು ಭತ್ತದ ಬೆಳೆಗಾರರಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮುಂಗಾರು ಹತ್ತಿರ ಬಂತು. ಸೊಸೈಟಿ ಮುಂದೆ ಯೂರಿಯಾಕ್ಕೆ ಸಾಲು ನಿಲ್ಲುವ ಕಾಲ. ರಸಾಯನಶಾಸ್ತ್ರದ ಪಾಠ ಅಂತ ಹೆದರಬೇಡಿ, ಆ ಚೀಲದೊಳಗೆ ಏನಿದೆ ಅಂತ ನೋಡೋಣ.

ಒಂದು ಚೀಲ ಅಂದರೆ 45 ಕೆಜಿ. ಅದರಲ್ಲಿ ಶೇಕಡಾ 46 ಸಾರಜನಕ, ಅಂದರೆ 20 ಕೆಜಿಗೆ ಸ್ವಲ್ಪ ಜಾಸ್ತಿ. ಅಷ್ಟು ಯೂರಿಯಾ ತಯಾರಿಸಲು ಸುಮಾರು 26 ಕೆಜಿ ಅಮೋನಿಯಾ ಬೇಕು, ಅಂದರೆ ಸಾರಜನಕ ಮತ್ತು ಜಲಜನಕ ಕೂಡಿ ಆದ ಅನಿಲ. ಇದಕ್ಕೆಲ್ಲ ಖರ್ಚಾಗುವ ಶಕ್ತಿ ಅಡುಗೆಮನೆಯ ಒಂದೂವರೆ ಗ್ಯಾಸ್ ಸಿಲಿಂಡರ್‌ನಷ್ಟು. ನಾವು ಕೊಡುವುದು ಮುನ್ನೂರು ರೂಪಾಯಿಗಿಂತ ಕಡಿಮೆ, ಉಳಿದದ್ದು ಸಬ್ಸಿಡಿ. ಕೈಗೆ ಬಂದಷ್ಟು ಎರಚುವ ಧೈರ್ಯ ನಮಗೆ ಬಂದದ್ದು ಅಲ್ಲಿಂದಲೇ, ಅಲ್ವಾ?

ಅಷ್ಟು ಶಕ್ತಿ ಯಾಕೆ ಬೇಕು? ಗಾಳಿಯಲ್ಲಿ ಶೇಕಡಾ 78 ಸಾರಜನಕವೇ ಇದೆ. ಆದರೆ ಅದರ ಪರಮಾಣುಗಳು ಎರಡೆರಡಾಗಿ, ಮೂರು ಬಂಧ ಹಾಕಿಕೊಂಡು ಕೂತಿವೆ. ಅವನ್ನು ಬಿಡಿಸುವ ತಾಕತ್ತು ಅಡಿಕೆ ಮರಕ್ಕೂ ಇಲ್ಲ, ಭತ್ತಕ್ಕೂ ಇಲ್ಲ. ದ್ವಿದಳ ಧಾನ್ಯದ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾಕ್ಕೆ ಇದೆ. ಮಿಂಚಿಗೂ ಸ್ವಲ್ಪ ಇದೆ. ನಮ್ಮ ಹಿರಿಯರು ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹೊತ್ತರಲ್ಲ, ಅದರ ಜೊತೆ ಹೊತ್ತದ್ದು ಇದೇ ಸಾರಜನಕವನ್ನು.

1909ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಸಾರಜನಕಕ್ಕೆ ಜಲಜನಕ ಸೇರಿಸಿ ಪ್ರಯೋಗಾಲಯದಲ್ಲೇ ಅಮೋನಿಯಾ ತೊಟ್ಟಿಕ್ಕಿಸಿ ತೋರಿಸಿದ. ಇದರಲ್ಲೊಂದು ಪೇಚು ಇತ್ತು. ಬಿಸಿ ಮಾಡದಿದ್ದರೆ ಕ್ರಿಯೆ ನಡೆಯುವುದೇ ಇಲ್ಲ. ಜಾಸ್ತಿ ಬಿಸಿ ಮಾಡಿದರೆ ಆದ ಅಮೋನಿಯಾ ಮತ್ತೆ ಒಡೆದುಹೋಗುತ್ತದೆ. ಹಾಗಾಗಿ 400ರಿಂದ 500 ಡಿಗ್ರಿ ಶಾಖ, ಗಾಳಿಯ ಒತ್ತಡಕ್ಕಿಂತ ಸುಮಾರು 200 ಪಟ್ಟು ಒತ್ತಡ, ಜೊತೆಗೊಂದು ವೇಗವರ್ಧಕ, ಅಂದರೆ ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು. ಹೇಬರ್ ಬಳಸಿದ್ದು ಆಸ್ಮಿಯಂ ಎಂಬ ಲೋಹ. ಅದು ಸಿಗುವುದೇ ಅಪರೂಪ. ಸಾವಿರಾರು ಪರೀಕ್ಷೆಗಳ ನಂತರ ಆಲ್ವಿನ್ ಮಿಟಾಷ್ ತಂಡ ಕಬ್ಬಿಣಕ್ಕೆ ಬಂದು ನಿಂತಿತು. ಇವತ್ತಿಗೂ ಅದೇ ಕಬ್ಬಿಣ.

ಕಾರ್ಖಾನೆ ಕಟ್ಟುವ ಹೊಣೆ ಕಾರ್ಲ್ ಬಾಷ್‌ನದು. ಹೊಗಳಿಕೆಯೆಲ್ಲ ಹೇಬರ್‌ಗೆ ಹೋಗುತ್ತದೆ, ನನಗೆ ಮಾತ್ರ ಬಾಷ್ ಮೇಲೆ ಪ್ರೀತಿ ಜಾಸ್ತಿ. ಅವನ ಉಕ್ಕಿನ ಕೊಳವೆಗಳು ಸುಮಾರು 80 ಗಂಟೆ ನಡೆದು ಸಿಡಿದವು. ಭದ್ರಾವತಿ ಕಾರ್ಖಾನೆಯಲ್ಲಿ ದುಡಿದವರು ಇಲ್ಲಿದ್ದರೆ ಅವರಿಗೆ ಗೊತ್ತು, ಉಕ್ಕಿಗೆ ಗಟ್ಟಿತನ ಬರುವುದು ಅದರೊಳಗಿನ ಇಂಗಾಲದಿಂದ. ಬಿಸಿ ಜಲಜನಕ ಉಕ್ಕಿನೊಳಗೆ ನುಗ್ಗಿ ಆ ಇಂಗಾಲವನ್ನೇ ತಿಂದುಹಾಕುತ್ತಿತ್ತು. ಬಾಷ್ ಏನು ಮಾಡಿದ? ಒಳಗೆ ಇಂಗಾಲವೇ ಇಲ್ಲದಂಥ ಮೆತ್ತನೆಯ ಕಬ್ಬಿಣದ ಕೊಳವೆ ಇಟ್ಟ. ಹೊರಗೆ ಒತ್ತಡ ತಡೆಯಲು ಉಕ್ಕಿನ ಕವಚ. ಆ ಕವಚಕ್ಕೆ ಸಣ್ಣ ಸಣ್ಣ ತೂತು ಕೊರೆಸಿದ. ನುಸುಳಿ ಬಂದ ಜಲಜನಕ ಉಕ್ಕಿನ ತಂಟೆಗೆ ಹೋಗದೆ ತೂತಿನಿಂದ ಆಚೆ ಹೋಯಿತು. 1913ರಲ್ಲಿ ಜರ್ಮನಿಯ ಓಪ್ಪೌನಲ್ಲಿ ಕಾರ್ಖಾನೆ ಶುರುವಾಯಿತು. ಮರುವರ್ಷವೇ ಮೊದಲ ಮಹಾಯುದ್ಧ ಬಂತು. ಇದೇ ಅಮೋನಿಯಾ ಮದ್ದುಗುಂಡಿಗೂ ಹೋಯಿತು.

ನಮ್ಮ ರಾಜ್ಯಕ್ಕೂ ಇದು ಹೊಸದೇನಲ್ಲ. ಸ್ವಾತಂತ್ರ್ಯಕ್ಕೂ ಮೊದಲೇ ಮೈಸೂರಿನ ಹತ್ತಿರದ ಬೆಳಗೊಳದಲ್ಲಿ ಅಮೋನಿಯಾ ತಯಾರಾಗುತ್ತಿತ್ತು. ಘಟ್ಟ ಇಳಿದರೆ ಪಣಂಬೂರಿನ ಕಾರ್ಖಾನೆ. ಜಲಜನಕಕ್ಕಾಗಿ ಅಲ್ಲಿ ಹಿಂದೆ ಬಳಸುತ್ತಿದ್ದದ್ದು ನಾಫ್ತಾ ಎಂಬ ಪೆಟ್ರೋಲಿಯಂ ದ್ರವ, ಈಗ ನೈಸರ್ಗಿಕ ಅನಿಲ. ದುಬಾರಿ ಕೆಲಸ ಇರುವುದು ಜಲಜನಕದಲ್ಲೇ. ಅನಿಲದಿಂದ ಅದನ್ನು ಬಿಡಿಸುವಾಗ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದನ್ನೇ ಹಿಡಿದು ಅಮೋನಿಯಾಕ್ಕೆ ಕೂಡಿಸಿದರೆ ಯೂರಿಯಾ. ನೀರಿಗೆ ವಿದ್ಯುತ್ ಹಾಯಿಸಿಯೂ ಜಲಜನಕ ಪಡೆಯಬಹುದು. ಪಂಜಾಬಿನ ನಂಗಲ್‌ನಲ್ಲಿ 1961ರಿಂದ ಭಾಕ್ರಾ ಅಣೆಕಟ್ಟಿನ ಕರೆಂಟಿನಲ್ಲಿ ಹಾಗೇ ಮಾಡುತ್ತಿದ್ದರು. ಶರಾವತಿ ಕರೆಂಟಿನಲ್ಲೂ ಮಾಡಬಹುದಲ್ಲ ಅಂತ ಕೇಳಬೇಡಿ, ಆ ನೀರಿಗೆ ಈಗಾಗಲೇ ಕಣ್ಣು ಹಾಕಿದವರು ಬಹಳ ಇದ್ದಾರೆ!

ಈಗ ನಮ್ಮ ಪಾಲಿನ ವಿಷಯ. ಇಷ್ಟೆಲ್ಲ ಬೆಂಕಿ, ಒತ್ತಡ ದಾಟಿ ಬಂದ ಸಾರಜನಕದಲ್ಲಿ ಭತ್ತಕ್ಕೆ ದಕ್ಕುವುದು ಸಾಮಾನ್ಯವಾಗಿ ಶೇಕಡಾ 30ರಿಂದ 40. ಉಳಿದದ್ದು ಎಲ್ಲಿಗೆ ಹೋಯಿತು? ನೆಲದ ಮೇಲೆ ಬಿದ್ದ ಯೂರಿಯಾ ಯೂರಿಯೇಸ್ ಎಂಬ ಕಿಣ್ವದಿಂದ ಒಡೆದು ಮತ್ತೆ ಅಮೋನಿಯಾ ಆಗುತ್ತದೆ. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಮೂಗಿಗೆ ಬಡಿಯುವುದೂ ಅದೇ. ಮಣ್ಣಿನಲ್ಲಿ ಮುಚ್ಚಿದ್ದರೆ ಜೇಡಿಗೆ ಅಂಟಿಕೊಳ್ಳುತ್ತದೆ. ಬರೀ ಮೇಲೆ ಬಿದ್ದಿದ್ದರೆ ಗಾಳಿಗೆ ಹೋಯಿತು. ಮಣ್ಣಿನಲ್ಲಿ ಉಳಿದದ್ದನ್ನು ಸೂಕ್ಷ್ಮಜೀವಿಗಳು ನೈಟ್ರೇಟ್ ಎಂಬ ಸಾರಜನಕದ ಇನ್ನೊಂದು ರೂಪ ಮಾಡುತ್ತವೆ. ನೈಟ್ರೇಟನ್ನು ಜೇಡಿ ಹಿಡಿದುಕೊಳ್ಳುವುದಿಲ್ಲ. ಹೊಸನಗರ, ಆಗುಂಬೆ ಕಡೆಯ ಜುಲೈ ಮಳೆ ಗೊತ್ತಲ್ಲ, ಬಸಿಗಾಲುವೆ ಹಿಡಿದು ಸೀದಾ ಹಳ್ಳಕ್ಕೆ. ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸುವುದು ನೈಟ್ರೇಟ್ ಆಗುವ ವೇಗ ತಗ್ಗಿಸಲಿಕ್ಕೆ. ಆದರೆ ನಮ್ಮ ಮಳೆಯ ಮುಂದೆ ಅದೊಂದೇ ಸಾಲದು.

ಅಡಿಕೆಗೆ ಶಿಫಾರಸು ಇರುವುದು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, ಅಂದರೆ ಸುಮಾರು 220 ಗ್ರಾಂ ಯೂರಿಯಾ. ಎಕರೆಗೆ 550 ಮರ ಅಂದುಕೊಂಡರೂ ಮೂರು ಚೀಲ ತುಂಬುವುದಿಲ್ಲ. ಅರ್ಧ ಮುಂಗಾರು ಹಿಡಿಯುವ ಮುನ್ನ, ಇನ್ನರ್ಧ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮಳೆ ಕಡಿಮೆಯಾದ ಮೇಲೆ. ಬುಡ ಬಿಡಿಸಿ ಹಾಕಿ, ಮಣ್ಣು ಸೊಪ್ಪು ಮುಚ್ಚಿ. ಗದ್ದೆಯಲ್ಲಿ ಮೇಲುಗೊಬ್ಬರಕ್ಕೆ ಮೊದಲು ನೀರು ಬಸಿಯಿರಿ, ಗೊಬ್ಬರ ಹಾಕಿ ಒಂದು ದಿನ ಬಿಟ್ಟು ಮತ್ತೆ ನೀರು ಕಟ್ಟಿ.

ಇನ್ನೊಂದು ಮಾತು, ಸುಣ್ಣದ್ದು. ನಮ್ಮದು ಮೊದಲೇ ಹುಳಿ ಮಣ್ಣು, ಯೂರಿಯಾ ಅದನ್ನು ಇನ್ನೂ ಹುಳಿ ಮಾಡುತ್ತದೆ. ಹಾಗಾಗಿ ಸುಣ್ಣ ಬೇಕು. ಆದರೆ ಕೂಲಿ ಉಳಿಯಿತು ಅಂತ ಎರಡನ್ನೂ ಒಂದೇ ದಿನ ಹಾಕಿದರೆ ಸುಣ್ಣ ಅಮೋನಿಯಾವನ್ನು ಹೊರಗೆ ಅಟ್ಟುತ್ತದೆ. ಮೊದಲು ಸುಣ್ಣ ಹಾಕಿ, ಎರಡು ಮೂರು ವಾರ ಬಿಟ್ಟು ಗೊಬ್ಬರಕ್ಕೆ ಕೈ ಹಾಕಿ. ಮಣ್ಣು ಪರೀಕ್ಷೆಯ ಚೀಟಿ ತಂದವರು ಮುಂದೆ ಬನ್ನಿ, ಯಾರಿಗೆ ಎಷ್ಟು ಸುಣ್ಣ ಅಂತ ಒಟ್ಟಿಗೆ ನೋಡೋಣ.