ಹೂವು ಉದುರಿದ ಮೇಲೆ

ಸಭಿಕರೆಲ್ಲರಿಗೂ ನಮಸ್ಕಾರ.

ವಸಂತದ ಆಗಮನವನ್ನು ಕೊಂಡಾಡುವವರು ಬಹಳ ಮಂದಿ. ಅದು ಹೊರಟು ನಿಂತ ಹೊತ್ತಿನ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇನೆ. ಯಾರನ್ನಾದರೂ ಕಳೆದುಕೊಂಡವರಿಗೆ ನಾವು ಸಲೀಸಾಗಿ ಹೇಳಿಬಿಡುವ ಸಮಾಧಾನವೊಂದಿದೆ: ‘ಎಲೆ ಉದುರುತ್ತದೆ, ಮತ್ತೆ ಚಿಗುರುತ್ತದೆ.’ ಆ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲು ಹೂವು ಉದುರುವುದನ್ನೇ ಹತ್ತಿರದಿಂದ ನೋಡೋಣ. ಗಾಳಿ ಬೀಸಿತು, ಎಸಳು ಬಿತ್ತು ಎಂದುಕೊಳ್ಳುತ್ತೇವೆ. ಗಾಳಿಯದು ಕೊನೆಯ ಗಳಿಗೆಯ ಕೆಲಸ ಮಾತ್ರ. ಎಸಳಿನ ಬುಡದಲ್ಲಿ ಜೀವಕೋಶಗಳ ತೆಳುವಾದ ಪದರವೊಂದಿರುತ್ತದೆ. ಪರಾಗಸ್ಪರ್ಶ ಮುಗಿದ ಮೇಲೆ ಅನೇಕ ಗಿಡಗಳಲ್ಲಿ ಎಥಿಲೀನ್ ಎಂಬ, ಗಿಡವೇ ಹೊರಡಿಸುವ ಅನಿಲ ಹೆಚ್ಚುತ್ತದೆ. ಅದರ ಸೂಚನೆಗೆ ಆ ಪದರದ ಕೋಶಗಳನ್ನು ಬೆಸೆದಿದ್ದ ಅಂಟನ್ನು ಕಿಣ್ವಗಳು ಕರಗಿಸತೊಡಗುತ್ತವೆ. ಎಷ್ಟೋ ಗಿಡಗಳು ಅಷ್ಟರೊಳಗೆ ಎಸಳಿನಲ್ಲಿದ್ದ ಸಾರದ ಒಂದು ಪಾಲನ್ನು ಹಿಂದಕ್ಕೆ ಎಳೆದುಕೊಂಡಿರುತ್ತವೆ. ಹೀಗೆ ಬಿದ್ದ ಎಸಳನ್ನು ಅಂಗೈಯಲ್ಲಿಟ್ಟು ನೋಡಿ: ಅದರ ಬುಡ ಹರಿದಿರುವುದಿಲ್ಲ, ನುಣುಪಾಗಿ ಬಿಟ್ಟುಕೊಂಡಿರುತ್ತದೆ. ಗಿಡ ತಾನಾಗಿಯೇ ಸಿದ್ಧಮಾಡಿಕೊಂಡ ಅಗಲಿಕೆ ಇದು.

ನಮ್ಮ ಅಗಲಿಕೆಗಳಿಗೆ ಅಂಥ ಸಿದ್ಧತೆ ಎಲ್ಲಿದೆ? ಮುಂದಿನ ವರ್ಷ ಅದೇ ಕೊಂಬೆಯಲ್ಲಿ ಹೂವು ಬಿಡುತ್ತದೆ, ನಿಜ. ಬಿಡುವುದು ಈ ವರ್ಷದ ಹೂವಲ್ಲ. ಮಗುವನ್ನು ಕಳೆದುಕೊಂಡ ತಾಯಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಿಗುರಿದ ಮರ ಅವಳಿಗೆ ಸಾಂತ್ವನವಾಗುವ ಬದಲು ಅನ್ಯಾಯವಾಗಿ ಕಾಣಬಹುದು. ಹಾಗೆ ಕಂಡರೆ ಅವಳನ್ನು ತಿದ್ದಲು ಹೋಗಬೇಡಿ. ಹೋದ ಮಗುವಿನ ಹೆಸರು ಹಿಡಿದು ಮಾತನಾಡಿ, ಅವಳು ಹೇಳುವುದನ್ನು ಕೂತು ಕೇಳಿ.

ಪ್ರಕೃತಿಯಲ್ಲೂ ಮರಳಿ ಬಾರದ ಅಗಲಿಕೆಗಳಿವೆ. ಉತ್ತರ ಅಮೆರಿಕದಲ್ಲಿ ಪ್ಯಾಸೆಂಜರ್ ಪಾರಿವಾಳಗಳು ಒಂದು ಕಾಲಕ್ಕೆ ನೂರಾರು ಕೋಟಿ ಇದ್ದವು. ಹಿಂಡು ಹಾರಿದರೆ ಸೂರ್ಯನೇ ಮರೆಯಾಗುತ್ತಿದ್ದ. ಲಂಗುಲಗಾಮಿಲ್ಲದ ಬೇಟೆ, ಕಾಡುಗಳ ನಾಶ ಅವುಗಳನ್ನು ಮುಗಿಸಿದವು. ಕೊನೆಯದೆಂದು ತಿಳಿದಿರುವ ಹಕ್ಕಿ ಮಾರ್ಥಾ, 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಆಮೇಲೆ ನೂರಕ್ಕೂ ಹೆಚ್ಚು ವಸಂತಗಳು ಬಂದು ಹೋಗಿವೆ. ಆ ಹಕ್ಕಿ ಬಂದಿಲ್ಲ.

ಈಗ ವಸಂತವೇ ತನ್ನ ಜಾಗದಿಂದ ಸರಿಯುತ್ತಿದೆ. ಇದು ನಮಗೆ ತಿಳಿದದ್ದು ಯಾರಿಂದ? ಕೇವಲ ವಿಜ್ಞಾನಿಗಳಿಂದಲ್ಲ. ಜಪಾನಿನ ಕ್ಯೋಟೋದಲ್ಲಿ 9ನೇ ಶತಮಾನದಿಂದಲೂ ಆಸ್ಥಾನದವರು, ಸನ್ಯಾಸಿಗಳು ಚೆರ್ರಿ ಹೂವು ನೋಡಲು ಹೋದ ದಿನಗಳನ್ನು ದಿನಚರಿಯಲ್ಲಿ ಬರೆದಿಟ್ಟರು. ಹವಾಮಾನ ಅಳೆಯಬೇಕೆಂದು ಅವರು ಬರೆಯಲಿಲ್ಲ. ಒಂದೆರಡು ವಾರಗಳಲ್ಲಿ ಉದುರಿಹೋಗುವ ಹೂವಿನ ಮೇಲಿನ ಮೋಹ ಬರೆಸಿತು. ಆ ಪುಟಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, 2021ರ ಮಾರ್ಚ್ 26ರಂದು ಹೂವು ತುಂಬಿ ಅರಳಿದ್ದು ಅಲ್ಲಿಯವರೆಗಿನ 1,200 ವರ್ಷಗಳ ದಾಖಲೆಯಲ್ಲೇ ಅತಿ ಬೇಗ ಎಂದು ಗೊತ್ತಾಯಿತು. ಭೂಮಿಯ ಬಿಸಿಯೂ ನಗರದ ಬಿಸಿಯೂ ಸೇರಿ ಹೂವನ್ನು ಅವಸರಪಡಿಸಿವೆ.

ಹೂವು ಬೇಗ ಅರಳಿದರೆ ನಷ್ಟವೇನು ಎಂದು ಕೇಳಬಹುದು. ಆಫ್ರಿಕಾದಿಂದ ಯುರೋಪಿಗೆ ವಲಸೆ ಬರುವ ನೊಣಹಿಡುಕ ಹಕ್ಕಿಗಳನ್ನು ನೋಡಿ. ಅವು ಹೊರಡುವ ಹೊತ್ತು ಬಹುಮಟ್ಟಿಗೆ ಹಗಲಿನ ಉದ್ದವನ್ನು ಅವಲಂಬಿಸಿದೆ. ಮರಿಗಳ ಆಹಾರವಾದ ಕಂಬಳಿಹುಳುಗಳು ಬರುವುದು ಬಿಸಿಲಿನ ಕಾವಿಗೆ. ನೆದರ್ಲೆಂಡ್ಸ್‌ನ ಕೆಲವು ಕಾಡುಗಳಲ್ಲಿ ಹಕ್ಕಿ ಮರಿಮಾಡುವಷ್ಟರಲ್ಲಿ ಹುಳುಗಳ ಸುಗ್ಗಿ ಮುಗಿದಿರುತ್ತಿತ್ತು. ಅಂಥ ಕಡೆಗಳಲ್ಲಿ ಹಕ್ಕಿಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಇಬ್ಬರೂ ಬದುಕಿದ್ದೂ ಭೇಟಿ ತಪ್ಪುವ ಈ ಬಗೆಯ ನಷ್ಟ ನನ್ನನ್ನು ಬಹಳ ಕಾಡುತ್ತದೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ದಿನವೂ ಕಣ್ಣಿಗೆ ಬೀಳುವ ಒಂದು ಮರವನ್ನು ಆರಿಸಿಕೊಳ್ಳಿ. ಅದರ ಮೊದಲ ಹೂವಿನ ದಿನವನ್ನು ಬರೆದಿಡಿ, ಕೊನೆಯ ಹೂವಿನ ದಿನವನ್ನೂ ಬರೆದಿಡಿ. ಹೂವು ಬಿಡದೇ ಹೋದ ವರ್ಷವಿದ್ದರೆ ಆ ಪುಟವನ್ನು ಖಾಲಿ ಬಿಡಬೇಡಿ. ಬಿಡಲಿಲ್ಲ ಎಂದೇ ಬರೆಯಿರಿ.