ಊಟದ ಚಿಂತೆ, ತಲೆಯ ಮಂಕು

ಕೇಳುಗರೆಲ್ಲರಿಗೂ ನಮಸ್ಕಾರ. ಮದ್ದೂರು ಕಡೆ ನಮ್ಮೂರಲ್ಲಿ ನಮ್ಮ ಚಿಕ್ಕವ್ವ ಇದ್ರು, ಕಬ್ಬು ಕಡಿಯೋಕೆ ಇನ್ನೂ ಎರಡು ತಿಂಗಳಿದೆ ಅನ್ನೋ ಹೊತ್ತಿಗೆ ಅವರಿಗೆ ಮರೆವು ಶುರುವಾಗೋದು, ಒಲೆ ಮೇಲೆ ಎಸರಿಟ್ಟು ಮರೆತು ಹಿತ್ತಲಿಗೆ ಹೋಗೋರು, ಸಂಘದ ಕಂತಿನ ದಿನ ಮರೆಯೋರು, ಅಂಗಡಿ ಸಾಲದ ಲೆಕ್ಕ ತಪ್ಪೋದು. ಮನೇಲಿ ಎಲ್ರೂ "ಇವಳಿಗೆ ಬುದ್ಧಿ ಮಂಕಾಯ್ತು" ಅನ್ನೋರು. ನಾನೂ ಅಂದಿದ್ದೀನಿ. ಎಲ್ರಿಗೂ ಮುದ್ದೆ ಬಡಿಸಿದ ಮೇಲೆ ಅವರ ತಟ್ಟೆಗೆ ಎಷ್ಟು ಉಳೀತಿತ್ತು ಅಂತ ಮಾತ್ರ ನಾವ್ಯಾರೂ ನೋಡ್ಲಿಲ್ಲ.

ಆಮೇಲೆ ಒಂದು ಅಧ್ಯಯನದ ವಿಷಯ ಓದ್ದೆ, 2013ರಲ್ಲಿ ಬಂದಿದ್ದು. ಪಕ್ಕದ ತಮಿಳುನಾಡಲ್ಲಿ 464 ಜನ ಕಬ್ಬು ಬೆಳೆಯೋ ರೈತರಿಗೆ ಬುದ್ಧಿಗೆ ಕೆಲಸ ಕೊಡೋ ಪರೀಕ್ಷೆಗಳನ್ನ ಕಟಾವಿಗೆ ಮುಂಚೆ ಒಂದ್ಸಲ, ಕಟಾವಾದ ಮೇಲೆ ಒಂದ್ಸಲ ಕೊಟ್ರು. ಅದೇ ರೈತರು, ಅದೇ ತಲೆ, ಆದ್ರೆ ಕೈ ಖಾಲಿ ಇದ್ದಾಗ ತಪ್ಪು ಜಾಸ್ತಿ, ನಿಧಾನವೂ ಜಾಸ್ತಿ. ಹೊಟ್ಟೆಗೆ ಕಮ್ಮಿ ಬಿದ್ದಿದ್ದಕ್ಕಿಂತ ಹೆಚ್ಚಾಗಿ, ದುಡ್ಡಿನ ಚಿಂತೆ ತಲೆ ತುಂಬ್ಕೊಂಡು ಬೇರೆ ಯೋಚನೆಗೆ ಜಾಗಾನೇ ಇರಲ್ಲ ಅಂತಾರೆ ಆ ಸಂಶೋಧಕರು. ಓದಿದಾಗ ಕಣ್ಮುಂದೆ ಬಂದಿದ್ದು ನಮ್ಮ ಚಿಕ್ಕವ್ವಾನೇ. ಕಬ್ಬಿನ ದುಡ್ಡು ಬಂದ ವಾರ ಯಾರಿಗೆ ಎಷ್ಟು ಕೈಗಡ ತೀರಿಸ್ಬೇಕು ಅಂತ ಬೆರಳಲ್ಲೇ ಎಣಿಸಿ ಹೇಳ್ಬಿಡೋರು.

ವಿಶ್ವಸಂಸ್ಥೆಯ ಆಹಾರ ಸಂಸ್ಥೆಯವರು ಹಸಿವು ಅಳೆಯೋಕೆ 8 ಪ್ರಶ್ನೆ ಕೇಳ್ತಾರೆ, ಅದ್ರಲ್ಲಿ ಮೊದಲನೇದೇ ಊಟಕ್ಕೆ ಸಾಲದೇ ಹೋಗುತ್ತೇನೋ ಅಂತ ಚಿಂತೆ ಪಟ್ಟಿದ್ದೀರಾ ಅನ್ನೋದು. ಉಪವಾಸ ಮಲಗೋದಕ್ಕಿಂತ ಎಷ್ಟೋ ಮುಂಚೆ ಈ ಚಿಂತೆ ಬಂದು ಕೂತಿರುತ್ತೆ ನೋಡಿ.

ಹಂಗಂತ ತಟ್ಟೇಲಿ ಏನಿದೆ ಅನ್ನೋದು ಸಣ್ಣ ವಿಷಯ ಅಲ್ಲ. ಮೆದುಳು ನಮ್ಮ ತೂಕದಲ್ಲಿ ಬರೀ ನೂರಕ್ಕೆ 2 ಪಾಲು, ತಿಂದ ಶಕ್ತೀಲಿ ಸುಮಾರು 20 ಪಾಲು ಅದೇ ಖರ್ಚು ಮಾಡುತ್ತೆ. ಕಬ್ಬಿಣದಂಶ ಕಮ್ಮಿಯಾದ್ರೆ ಸುಸ್ತು, ಗಮನ ನಿಲ್ಲಲ್ಲ. ಬಿ12 ಅನ್ನೋ ವಿಟಮಿನ್ ಕಮ್ಮಿಯಾದ್ರೆ ಕೈಕಾಲು ಜೋಮು, ಮರೆವು. ವಯಸ್ಸಾಯ್ತು ಅಂತ ಸುಮ್ನಿದ್ದುಬಿಡ್ತೀವಿ, ಆದ್ರೆ ಒಂದು ರಕ್ತ ಪರೀಕ್ಷೇಲಿ ಗೊತ್ತಾಗುತ್ತೆ, ಬೇಗ ಚಿಕಿತ್ಸೆ ತಗೊಂಡ್ರೆ ಎಷ್ಟೋ ಜನಕ್ಕೆ ಸರಿಹೋಗುತ್ತೆ. ಈ ಬಿ12 ಇರೋದು ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ. ನಮ್ಮ ಕಡೆ ಹಸು ಕಟ್ಟಿದ ಮನೇಲೇ ಹಾಲು ಪೂರ್ತಿ ಡೇರಿಗೆ ಹೋಗುತ್ತೆ, ಖರ್ಚಿಗೆ ಅದೇ ದುಡ್ಡು, ತಪ್ಪು ಅನ್ನಲ್ಲ ನಾನು. ಆದ್ರೂ ದಿನಕ್ಕೊಂದು ಲೋಟ ಮನೇಲಿ ಉಳಿಸ್ಕೊಳ್ಳಿ, ಆ ಲೋಟಾನ ಎಲ್ರಿಗಿಂತ ಕೊನೇಲಿ ಊಟಕ್ಕೆ ಕೂರೋರಿಗೆ ಕೊಡಿ. ನಮಸ್ಕಾರ.