ಎಂಟಾಣೆ ರೂಮಿನ ರಾಜ

ಕೇಳುಗರೇ, ನಮಸ್ಕಾರ.

ತಮಾಷೆ ಹಾಡುಗಾರನೊಬ್ಬನ ಅಭಿಮಾನಿಯಾಗಿ ನಲವತ್ತೈದು ವರ್ಷ ಕಳೆಯುವುದು ಸ್ವಲ್ಪ ಪೇಚಿನ ಕೆಲಸ. ಕಾಳಿಂಗರಾಯರ ಅಭಿಮಾನಿ ಅಂದರೆ ಜನ ಕುರ್ಚಿ ಎಳೆದು ಕೂರಿಸುತ್ತಾರೆ. ನಾನು ರೋಜರ್ ಮಿಲ್ಲರ್ ಅಭಿಮಾನಿ ಅಂದರೆ "ಯಾರದು?" ಅನ್ನುತ್ತಾರೆ. ಅಮೆರಿಕದ ಕಂಟ್ರಿ, ಅಂದರೆ ಹಳ್ಳಿ ಧಾಟಿಯ ಹಾಡುಗಾರ, ನಗಿಸುವ ಹಾಡು ಬರೆದು ತಾನೇ ಹಾಡುತ್ತಿದ್ದ ಅಂತ ಹೇಳಿದರೆ, "ಓ, ತಮಾಷೆಗಾ" ಅಂದು ಕಾಫಿ ಕುಡಿಯೋಕೆ ಶುರು ಮಾಡುತ್ತಾರೆ. ಅಂದ ಹಾಗೆ, ನಾನು ಅವನನ್ನು 'ಅವನು' ಅಂತಲೇ ಕರೆಯುತ್ತೇನೆ. 'ಅವರು' ಅನ್ನೋಕೆ ಬಾಯಿ ಬರೋದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಅವನು ನನಗೆ ಸಿಕ್ಕಿದ್ದು ಬೆಂಗಳೂರಿನ ಕಾಕ್ಸ್ ಟೌನಿನಲ್ಲಿ. ನಮ್ಮ ಬಾಡಿಗೆ ಮನೆಯ ಪಕ್ಕ ಒಬ್ಬ ಆಂಗ್ಲೋ ಇಂಡಿಯನ್ ಅಂಕಲ್ ಇದ್ದರು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ರೆಕಾರ್ಡ್ ಹಾಕುತ್ತಿದ್ದರು. ಹೆಚ್ಚಾಗಿ ಅಮೆರಿಕದ ಹಾಡುಗಾರ ಜಿಮ್ ರೀವ್ಸ್. ಅವರ ಮನೆಯಲ್ಲಿ ಜಿಮ್ ರೀವ್ಸ್ ಅಂದರೆ ನಮ್ಮ ಮನೆಯಲ್ಲಿ ಸುಪ್ರಭಾತ ಇದ್ದ ಹಾಗೆ. ಒಂದು ಭಾನುವಾರ ಬೇರೆ ದನಿ ಕೇಳಿಸಿತು. ಗಿಟಾರ್ ಬಾರಿಸಿದ್ದನ್ನೇ ಅವನು ಬಾಯಲ್ಲೂ ಬಾರಿಸುತ್ತಿದ್ದ. ಪದವೇ ಅಲ್ಲದ ಪದಗಳು. ಬಾಯಲ್ಲೇ ತಾಳದ ಸೊಲ್ಲು ಹೇಳುವ ಕೊನ್ನಕ್ಕೋಲಿನವರಿಗೆ ಯಾರೋ ಕಚಗುಳಿ ಇಟ್ಟ ಹಾಗೆ.

ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಇಂಗ್ಲಿಷ್ ಒಂದಕ್ಷರ ಬಾರದು. ಕೈ ನಿಲ್ಲಿಸಿ ನಗೋಕೆ ಶುರು ಮಾಡಿದಳು. "ಯಾರೋ ಅದು, ಬಿಸಿ ಹುಗ್ಗಿ ಬಾಯಿಗೆ ಹಾಕ್ಕೊಂಡ ಹಾಗೆ ಹಾಡ್ತಾನೆ?"

ನಾನು ಅಂಕಲ್ ಹತ್ತಿರ ಹೋಗಿ ಕೇಳಿಕೊಂಡು ಬಂದೆ. ಹಾಡಿನ ಹೆಸರು 'ಡ್ಯಾಂಗ್ ಮಿ'. 1964ರದ್ದು. ತನ್ನನ್ನು ತಾನೇ ಬೈದುಕೊಳ್ಳುವ ಹಾಡು. 'ಡ್ಯಾಂಗ್' ಅಂದರೆ ಶಾಪದ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ, ದೊಡ್ಡವರ ಮುಂದೆಯೂ ಹೇಳಬಹುದಾದ ಹಾಗೆ ತಿರುಚಿಕೊಂಡಿದ್ದು. ಕಾಲೇಜು ಕಲಿತ ಮಗ ನಾನು. ಅಮ್ಮನಿಗೆ ಅರ್ಥ ಹೇಳಬೇಕಲ್ಲ? ಹೇಳಿದೆ. ಒಬ್ಬ ಗೆಳೆಯರ ಜೊತೆ ಕೂತು ಕುಡೀತಾ ಇದಾನೆ. ಆರು ಸುತ್ತಿನಲ್ಲಿ ಐದು ಸುತ್ತಿನ ದುಡ್ಡು ಇವನೇ ಕೊಟ್ಟಿದಾನೆ. ದಿನಸಿ ದುಡ್ಡು ಹೋಯ್ತು, ಬಾಡಿಗೆಯಲ್ಲೂ ಅರ್ಧ ಹೋಯ್ತು. ಮನೆಯಲ್ಲಿ ಹೆಂಡತಿ, ಒಂದು ತಿಂಗಳ ಕೂಸು.

ಅಮ್ಮನ ನಗು ನಿಂತುಹೋಯಿತು. "ಬಾಣಂತೀನ ಮನೇಲಿ ಬಿಟ್ಟು ಕುಡಿಯೋಕೆ ಹೋಗಿದಾನಾ? ಇದರಲ್ಲಿ ನಗೋದೇನಿದೆಯೋ?" ಅಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ನಾನು ಅಭಿಮಾನಿಯಾಗಿದ್ದು ಆವತ್ತೇ. ಅರ್ಥ ಹೇಳಿದ ತಕ್ಷಣ ಕಣ್ಣೀರಿನ ಕತೆ. ಅರ್ಥ ಹೇಳದಿದ್ದರೆ ಹೊಟ್ಟೆ ಹುಣ್ಣಾಗುವ ನಗು. ಎರಡೂ ಒಂದೇ ಹಾಡು, ಅದೂ ಎರಡು ನಿಮಿಷದ ಹಾಡು! ಹೇಗೆ ಸಾಧ್ಯ ಅಂತ ಆಮೇಲೆ ಸಿಕ್ಕಿದ್ದನ್ನೆಲ್ಲ ಕೇಳಿದೆ, ಓದಿದೆ.

ರೋಜರ್ ಮಿಲ್ಲರ್ ಹುಟ್ಟಿದ್ದು 1936ರ ಜನವರಿ 2ರಂದು, ಟೆಕ್ಸಸ್ಸಿನ ಫೋರ್ಟ್ ವರ್ತ್‌ನಲ್ಲಿ. ಒಂದು ವರ್ಷದ ಮಗುವಾಗಿದ್ದಾಗ ಅಪ್ಪ ತೀರಿಕೊಂಡ. ಕೆಲಸ ಸಿಗದ, ದುಡ್ಡಿಲ್ಲದ ಕಾಲ ಅದು. ಮೂರು ಗಂಡುಮಕ್ಕಳನ್ನು ಸಾಕಲು ತಾಯಿಗೆ ಆಗಲಿಲ್ಲ. ಅಪ್ಪನ ಅಣ್ಣತಮ್ಮಂದಿರು ಬಂದು ಒಬ್ಬೊಬ್ಬ ಹುಡುಗನನ್ನು ಕರೆದುಕೊಂಡು ಹೋದರು. ರೋಜರ್ ಹೋಗಿ ಸೇರಿದ್ದು ಒಕ್ಲಹೋಮಾದ ಎರಿಕ್ ಅನ್ನುವ ಪುಟ್ಟ ಊರಿನ ಹತ್ತಿರದ ಹೊಲಮನೆಗೆ. ಅಲ್ಲಿ ಹತ್ತಿ ಬಿಡಿಸುವ ಕೆಲಸ. ಆ ಮನೆಯ ಅಳಿಯ ಶೆಬ್ ವೂಲಿ ಹಾಡುಗಾರ, ಮುಂದೆ ಸಿನಿಮಾ ನಟನೂ ಆದ. ಹುಡುಗನಿಗೆ ಗಿಟಾರ್ ಹೇಳಿಕೊಟ್ಟು, ಒಂದು ಪಿಟೀಲು ಕೊಡಿಸಿದವನು ಅವನೇ.

ಹದಿನೇಳನೇ ವಯಸ್ಸಿನಲ್ಲಿ ಆಸೆ ತಡೆಯಲಾರದೆ ಒಂದು ಗಿಟಾರ್ ಕದ್ದ. ಮಾರನೇ ದಿನ ತಾನೇ ಹೋಗಿ ಒಪ್ಪಿಕೊಂಡ. ಜೈಲು ತಪ್ಪಿಸಿಕೊಳ್ಳಲು ಸೈನ್ಯ ಸೇರಿದ. ಕೊರಿಯಾಕ್ಕೆ ಕಳಿಸಿದರು. ಕಳ್ಳತನಕ್ಕೆ ಹೋದವನೂ ಇವನೇ, ಮರುದಿನ ಹೊಟ್ಟೆ ತೊಳಸಿದಂತಾಗಿ ವಾಪಸು ಹೋದವನೂ ಇವನೇ. ನನಗಂತೂ 'ಡ್ಯಾಂಗ್ ಮಿ' ಕೇಳಿದಾಗಲೆಲ್ಲ ಈ ಗಿಟಾರ್ ನೆನಪಾಗುತ್ತದೆ.

ಸೈನ್ಯದಿಂದ ಬಂದು ನ್ಯಾಶ್‌ವಿಲ್ ಸೇರಿದ. ಕಂಟ್ರಿ ಸಂಗೀತದವರಿಗೆ ಆ ಊರೇ ಕಾಶಿ. ದೊಡ್ಡ ಗಿಟಾರ್ ವಾದಕ ಚೆಟ್ ಆಟ್ಕಿನ್ಸ್ ಮುಂದೆ ಹೋಗಿ ನಿಂತ. "ಗಿಟಾರ್ ಎಲ್ಲಪ್ಪಾ?" ಅಂದರೆ ಇಲ್ಲ. ಚೆಟ್ ತಮ್ಮದನ್ನೇ ಕೊಟ್ಟರು. ಕೈ ನಡುಗಿ, ಗಿಟಾರ್ ಒಂದು ಶ್ರುತಿಯಲ್ಲಿ, ಹಾಡು ಇನ್ನೊಂದು ಶ್ರುತಿಯಲ್ಲಿ ಹೋಯಿತಂತೆ! ಆಮೇಲೆ ಒಂದು ಹೋಟೆಲಿನಲ್ಲಿ ಗಿರಾಕಿಗಳ ಪೆಟ್ಟಿಗೆ ಹೊರುವ ಕೆಲಸ ಹಿಡಿದ. ಲಿಫ್ಟಿನಲ್ಲಿ ಯಾರು ಸಿಕ್ಕಿದರೆ ಅವರಿಗೆ ಹಾಡು. ಹಾಡುವ ಕೂಲಿ ಅಂತ ಹೆಸರಾಯಿತು.

ಬೇರೆಯವರಿಗೆ ಬರೆದುಕೊಟ್ಟ ಹಾಡುಗಳು ಓಡಿದವು. ತಾನು ಹಾಡಿದ್ದು ಅಷ್ಟಾಗಿ ಓಡಲಿಲ್ಲ. 1964ರ ಹೊತ್ತಿಗೆ ಸಾಕಾಗಿ, ಹಾಲಿವುಡ್‌ಗೆ ಹೋಗಿ ನಟನಾಗೋಣ ಅಂದುಕೊಂಡ. ಬಸ್ಸಿಗೆ, ಬಾಡಿಗೆಗೆ ದುಡ್ಡು ಬೇಕಲ್ಲ? ಸ್ಮ್ಯಾಶ್ ಅನ್ನುವ ರೆಕಾರ್ಡ್ ಕಂಪನಿಗೆ ಹೇಳಿದ: 16 ಹಾಡು ಹಾಡುತ್ತೇನೆ, 1600 ಡಾಲರ್ ಕೊಡಿ. ಹಾಡಿಗೆ ನೂರು. ಗಂಭೀರವಾಗಿರಬೇಕು ಅನ್ನುವ ಹಂಗೇ ಇರಲಿಲ್ಲ ಈಗ. ಹೇಗೂ ಹೊರಟಿದ್ದಾಯಿತು ಅಂತ ತಲೆಗೆ ಬಂದದ್ದನ್ನು ಬಂದ ಹಾಗೆ ಹಾಡಿದ. ಆ ರಾಶಿಯಲ್ಲೇ ಇತ್ತು 'ಡ್ಯಾಂಗ್ ಮಿ'. ಮುಂದಿನ ಎರಡು ವರ್ಷದಲ್ಲಿ ಅವನಿಗೆ ಸಿಕ್ಕ ಗ್ರ್ಯಾಮಿ, ಅಂದರೆ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿಗಳು 11.

ಆ ಹಾಡಿನಲ್ಲೇ ಒಂದು ಪ್ರಾಸ ಇದೆ. ಪರ್ಪಲ್, ಅಂದರೆ ನೇರಳೆ ಬಣ್ಣ. ಆ ಪದಕ್ಕೆ ಇಂಗ್ಲಿಷಿನಲ್ಲಿ ಪ್ರಾಸ ಸಿಗುವುದೇ ಕಷ್ಟ ಅನ್ನುತ್ತಾರೆ. ಇವನೇನು ಮಾಡಿದ? ಸಿರಪ್ ಅನ್ನುವ ಪದಕ್ಕೆ ಬಾಲ ಅಂಟಿಸಿ 'ಸರ್ಪಲ್' ಮಾಡಿದ. ಎರಡನೇ ಅಕ್ಷರದ ಪ್ರಾಸಕ್ಕೆ ಪದ ಸಿಗದೆ ತಿಣುಕಿದ ನಮ್ಮ ಹಳೇ ಕವಿಗಳು ಇದನ್ನು ಕೇಳಿದ್ದರೆ ಬೈಯುತ್ತಿದ್ದರೋ, ಹೊಟ್ಟೆಕಿಚ್ಚು ಪಡುತ್ತಿದ್ದರೋ!

ಈಗ 'ಕಿಂಗ್ ಆಫ್ ದ ರೋಡ್'. 1965ರಲ್ಲಿ ಲೋಕವೆಲ್ಲ ಗುನುಗಿದ ಹಾಡು. ಮನೆಮಠ ಇಲ್ಲದೆ ರೈಲು ಹತ್ತಿ ಊರೂರು ಅಲೆಯುವವನೊಬ್ಬ ಚಿಟಿಕೆ ಹೊಡೆದುಕೊಂಡು ತನ್ನನ್ನು ತಾನೇ ರಾಜ ಅಂದುಕೊಳ್ಳುತ್ತಾನೆ. ಎರಡು ಗಂಟೆ ಕಸ ಗುಡಿಸಿದರೆ ಅವನಿಗೆ ರಾತ್ರಿಗೊಂದು ರೂಮು. ಎಂಟಡಿ, ಹನ್ನೆರಡಡಿ, 'ಫೋರ್ ಬಿಟ್' ರೂಮು. ಈ 'ಬಿಟ್' ಏನು ಅಂತ ನನಗೆ ವರ್ಷಗಟ್ಟಲೆ ಗೊತ್ತಾಗಲಿಲ್ಲ. ನಾಲ್ಕು ಚೂರು ಮಾಡಿದ ರೂಮು ಇರಬೇಕು, ನಮ್ಮ ವಠಾರದ ಹಾಗೆ, ಅಂದುಕೊಂಡಿದ್ದೆ.

ಅದು ದುಡ್ಡಿನ ಲೆಕ್ಕ. ಹಿಂದೆ ಅಮೆರಿಕದಲ್ಲಿ ಸ್ಪೇನಿನ ಬೆಳ್ಳಿ ಡಾಲರ್ ಓಡಾಡುತ್ತಿತ್ತು. ಒಂದು ಡಾಲರಿಗೆ ಎಂಟು ಭಾಗ. ಒಂದೊಂದು ಭಾಗಕ್ಕೂ ಬಿಟ್ ಅಂತ ಹೆಸರು. ಆ ನಾಣ್ಯ ಹೋದರೂ ಮಾತು ಉಳಿಯಿತು. ಎರಡು ಬಿಟ್ ಅಂದರೆ ಕಾಲು ಡಾಲರ್. ನಾಲ್ಕು ಬಿಟ್ ಅಂದರೆ ಅರ್ಧ. ಆಣೆ ಹೋಗಿ ಎಷ್ಟೋ ವರ್ಷ ಆದ ಮೇಲೂ ನಾವು ಐವತ್ತು ಪೈಸೆಗೆ ಎಂಟಾಣೆ ಅನ್ನುತ್ತಿದ್ದೆವಲ್ಲ, ಥೇಟ್ ಹಾಗೆ. ಗೊತ್ತಾದ ದಿನ ನಾನು ಒಬ್ಬನೇ ಕೂತು ನಕ್ಕೆ. ಎಂಟಾಣೆ ರೂಮು! ಇದನ್ನು ಅಮ್ಮನಿಗೆ ಹೇಳಿದ್ದರೆ ಅರ್ಥದ ಸಮೇತ ನಗುತ್ತಿದ್ದಳೋ ಏನೋ. ಅಷ್ಟರಲ್ಲಿ ಅವಳು ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ಮಗಳ ಮನೆಗೆ ಡಲ್ಲಾಸ್‌ಗೆ ಹೋಗಿದ್ದೆ. ಎರಿಕ್ ನೋಡಬೇಕು ಅಂದೆ. "ಅಲ್ಲೇನಿದೆ ಮಾವ?" ಅಂದರು ಅಳಿಯಂದಿರು. ಆದರೂ ಪಾಪ, ನಾಲ್ಕೈದು ಗಂಟೆ ಕಾರು ಓಡಿಸಿದರು. ಕೆಂಪು ಮಣ್ಣು, ಚಪ್ಪಟೆ ನೆಲ, ನಿಲ್ಲದ ಗಾಳಿ. ಊರಿನ ನಡುವೆ ಹಾಯುವ ರಸ್ತೆಗೆ ರೋಜರ್ ಮಿಲ್ಲರ್ ಹೆಸರು. ಅದನ್ನು ಅಡ್ಡ ಹಾಯುವ ರಸ್ತೆಗೆ ಶೆಬ್ ವೂಲಿ ಹೆಸರು. ಪಿಟೀಲು ಕೊಡಿಸಿದವನೂ ಇಸಿದುಕೊಂಡವನೂ ಒಂದೇ ಕಂಬದಲ್ಲಿ! ನಾನು ಆ ಕಂಬದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆ. ಗಾಳಿಗೆ ಟೋಪಿ ಹಾರಿಹೋಯಿತು. ಅಳಿಯಂದಿರು ಹಿಂದೆ ಓಡಿದರು.

ಅವನು 1992ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡ. ಐವತ್ತಾರೇ ವರ್ಷ. ಅದಕ್ಕೆ ಏಳು ವರ್ಷ ಮೊದಲು, ಮಾರ್ಕ್ ಟ್ವೇನ್ ಬರೆದ ಹಕಲ್‌ಬರಿ ಫಿನ್ ಅನ್ನುವ ಹುಡುಗನ ಕತೆಯ ನಾಟಕ 'ಬಿಗ್ ರಿವರ್'ಗೆ ಹಾಡು ಬರೆದು, ಅಲ್ಲಿನ ರಂಗಭೂಮಿಯ ದೊಡ್ಡ ಪ್ರಶಸ್ತಿ ಟೋನಿ ಪಡೆದಿದ್ದ. ಸ್ವಲ್ಪ ಕಾಲ ಅದರಲ್ಲಿ ಪಾರ್ಟೂ ಮಾಡಿದ. ಯಾವ ಪಾರ್ಟು ಗೊತ್ತಾ? ಹುಡುಗನ ಕುಡುಕ ಅಪ್ಪನದು.

ಆ ಡಲ್ಲಾಸ್ ಮನೆಯಲ್ಲೇ ಮೊಮ್ಮಗಳಿಗೆ ಡಿಸ್ನಿಯವರ 'ರಾಬಿನ್ ಹುಡ್' ಹಾಕಿ ತೋರಿಸಿದೆ. 1973ರ ಕಾರ್ಟೂನ್ ಸಿನಿಮಾ. ಕತೆ ಹೇಳುವ ಹುಂಜಕ್ಕೆ ದನಿ ಕೊಟ್ಟವನು ನಮ್ಮ ರೋಜರ್. ಶುರುವಿನಲ್ಲಿ ಹೆಸರುಗಳು ಬರುವಾಗ ಅವನದೇ ಒಂದು ಹಾಡು. ಸಿಳ್ಳೆ, ಗುನುಗು, ಬಾಯಿಗೆ ಬಂದ ಸದ್ದು, ಅಷ್ಟೆ. ಮೊಮ್ಮಗಳು ಸೋಫಾದಿಂದ ಜಾರಿ ಬೀಳುವ ಹಾಗೆ ನಕ್ಕಳು. ಆಮೇಲೆ ಕೇಳಿದಳು, "ಇದರ ಅರ್ಥ ಏನು ತಾತ?"

ನನಗೆ ಮೊರ ಎತ್ತಿಕೊಂಡು ಒಳಗೆ ಹೋದ ಅಮ್ಮ ನೆನಪಾದಳು.

"ಅರ್ಥ ಏನೂ ಇಲ್ಲ ಪುಟ್ಟಿ" ಅಂದೆ.

"ಹಾಗಾದರೆ ಇನ್ನೊಂದ್ಸಲ ಹಾಕು" ಅಂದಳು.

ನಮಸ್ಕಾರ.